ನಿಂತ ಜೋಳದ ಹೊಲ

ಮರಾಠಿ ಸೀಮೆಯ ಗಡಿಯೂರು ಉಮರ್ಗಾದ ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ ಕೂತು ಉಜ್ವಲಾ ಎರಡು ವರ್ಷದಿಂದ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ, ಅವಳ ಅತ್ತೆ ಸುಮಿತ್ರಾಬಾಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, “ಇಲ್ಲದ ಊರಿಗಿ ಹಾದಿ ತೋರಸ್ತಾಳ ನಮ್ಮ ಸೊಸಿ,” ಅನ್ನುತ್ತಿದ್ದಳು. ಹಾಗಂದು ತಾನೇ ಮೊದಲು ನಗುತ್ತಿದ್ದಳು. ಉಜ್ವಲಾಗೆ ಸಿಟ್ಟು ಬರುತ್ತಿರಲಿಲ್ಲ. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲವಲ್ಲ!

ಆ ಇಲ್ಲದ ಊರಿನ ಹೆಸರು ನವಗಾಂವ. ಪುಣೆಯ ಒಂದು ಕಂಪನಿ ಕಂಪ್ಯೂಟರಿನೊಳಗೆ ಕಟ್ಟಿದ ಊರು. ಕಣ್ಣಿಗೆ ದಪ್ಪನೆಯ ಕನ್ನಡಕ, ಅಂದರೆ ಚಾಳೀಸು ಕಟ್ಟಿಕೊಂಡು, ಎರಡೂ ಕೈಯಲ್ಲಿ ಗುಂಡಿ ಇರುವ ಹಿಡಿಕೆ ಹಿಡಿದರೆ ಸಾಕು, ಕೂತ ಕುರ್ಚಿಯಲ್ಲೇ ನೀವು ಆ ಊರಿನ ಅಗಸಿ ಬಾಗಿಲ ಮುಂದೆ ನಿಂತಿರುತ್ತೀರಿ. ಒಳಗೆ ಪೇಟೆ ಇದೆ, ಕೆರೆ ಇದೆ, ನೀರಿನ ಟಾಕಿ ಇದೆ, ತುದಿಯಲ್ಲಿ ಕೃಷಿ ಪ್ರದರ್ಶನದ ದೊಡ್ಡ ಸಭಾಗೃಹ ಇದೆ. ಬೀಜದವರು, ಯಂತ್ರದವರು, ದೇವಣಿ ತಳಿಯ ಹೋರಿ ಸಾಕುವವರು ಅಲ್ಲಿ ಮಳಿಗೆ ಹಾಕಿದ್ದರು. ಹೋಗಿ ನೋಡಿ ಬರುವುದು ಅಂತ ಹೇಳುವುದು ಸುಲಭ. ಹೊಸಬರು ಒಳಗೆ ಬಂದ ಕೂಡಲೇ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತಿದ್ದರು, ಕೆರೆಯೊಳಗೆ ಇಳಿದುಬಿಡುತ್ತಿದ್ದರು, ಎದುರು ಬಂದವರ ಮೈಯೊಳಗೆ ಹಾದು ಹೋಗಿ “ಅಯ್ಯಯ್ಯೋ” ಅಂತ ಕೂಗುತ್ತಿದ್ದರು. ಅಂಥವರನ್ನು ಹಿಡಿದು ಹಾದಿಗೆ ಹಚ್ಚುವವಳು ಉಜ್ವಲಾ. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ, ಎರಡೂ ಕಲಸಿ ಮಾತಾಡುವ ನಮ್ಮಂಥವರಿಗೆ ಎರಡೂ ಕಲಸಿ.

ಈ ಕೆಲಸದಲ್ಲಿ ತನ್ನ ಸಮ ಯಾರೂ ಇಲ್ಲ ಅಂತ ಅವಳಿಗೆ ಖಾತ್ರಿ ಇತ್ತು. ಜಂಬ ಅನ್ನುವವರು ಅನ್ನಲಿ. ಬಟ್ಟೆ ಅಂಗಡಿ ಗಂಡ ಗುರುಲಿಂಗನದು, ಮನೆ ಅತ್ತೆಯದು, ಒಲೆಯ ಮುಂದಿನ ಜಾಗ ಕೂಡ ಮದುವೆಯಾದ ಹನ್ನೆರಡು ವರ್ಷದ ಮೇಲೂ ಅರ್ಧ ಅತ್ತೆಯದೇ. ಈ ಕೆಲಸವೊಂದು ಪೂರಾ ಅವಳದು. ನವಗಾಂವದ ಮೂಲೆಮೂಲೆ ಅವಳಿಗೆ ಗೊತ್ತಿತ್ತು, ಎಲ್ಲಿ ಗೋಡೆ ಬರೀ ಬಣ್ಣ, ಎಲ್ಲಿ ಮೆಟ್ಟಿಲು ಸುಳ್ಳು ಅನ್ನುವುದೂ.

ಹಾಗಿರುವಾಗ ಪುಣೆಯಿಂದ ಶೈಲೇಶನ ಫೋನು ಬಂತು. ಅವನು ಕಂಪನಿಯಲ್ಲಿ ಈ ಊರಿನ ಉಸ್ತುವಾರಿ. ಹುಟ್ಟಿದ್ದು ಗಡಿಯ ಉದಗೀರದಲ್ಲಿ, ಆದ್ದರಿಂದ ಕನ್ನಡ ಇನ್ನೂ ನಾಲಿಗೆಯ ಮೇಲಿತ್ತು.

“ಮೇಡಂ, ಮುಂದಿನ ತಿಂಗಳಿಂದ ರೈತ್ರಿಗಿ ಬಾಗಲಾ ತೆಗೀತೀವಿ. ಹಾದಿ ತೋರಸ್ಲಿಕ್ಕ ಬಾಣ ಮಾಡೀವಿ. ನೆಲದ ಮ್ಯಾಲ ಹಳದಿ ಬಾಣ, ತಾನೇ ಮುಂದ ಮುಂದ ಹೋಗ್ತದ. ಅದಕ್ಕ ರಜಾ ಬ್ಯಾಡ, ಊಟಾ ಬ್ಯಾಡ.”

“ಹಂಗಾರ ನಾ?” ಅಂದಳು ಉಜ್ವಲಾ.

ಶೈಲೇಶ ಸ್ವಲ್ಪ ತಡವರಿಸಿದ. “ಅದಕ್ಕೇ ಒಂದು ಪರೀಕ್ಷಾ ಇಟ್ಟೀವಿ. ಸೋಮವಾರ ಮುಂಜಾನಿ ಹತ್ತಕ್ಕ. ನಿಲಂಗಾದ ಹನ್ನೆರಡು ಮಂದಿ ರೈತ್ರು ನಿಮ್ಮ ಹಿಂದ, ಉದಗೀರದ ಹನ್ನೆರಡು ಮಂದಿ ಬಾಣದ ಹಿಂದ. ಅಗಸಿಯಿಂದ ಸಭಾಗೃಹದ ಒಳಗ. ಇಪ್ಪತ್ತು ನಿಮಿಷ. ಯಾರ ಮಂದಿ ಹೆಚ್ಚು ಮುಟ್ಟತಾರ, ಆ ಕೆಲಸ ಉಳೀತದ.”

ಉಜ್ವಲಾ ನಕ್ಕುಬಿಟ್ಟಳು. ಇಷ್ಟು ದಿನ ಬಂದವರು ಕಾಲೇಜಿನ ಹುಡುಗರು, ಗೊಬ್ಬರದ ಏಜೆಂಟರು, ಯಂತ್ರ ಮಾರುವವರು. ಈಗ ಅವಳಿಗೆ ತಾನು ಹುಟ್ಟಿ ಬೆಳೆದ ಕಡೆಯ ಮಂದಿಯನ್ನೇ ಕರೆದುಕೊಂಡು ಹೋಗು ಅಂತಿದ್ದಾರೆ! ನಿಲಂಗಾದ ಹತ್ತಿರದ ಕಾಸಾರಶಿರಸಿಯ ರೈತರ ಮನೆಯ ಮಗಳು ಅವಳು. ಬಾಣದ ಕಥೆ ಮುಗಿಯಿತು ಅಂದುಕೊಂಡಳು.

ಆದರೂ ಫೋನಿಟ್ಟ ಮೇಲೆ ಅಗಸಿಯಿಂದ ಸಭಾಗೃಹದವರೆಗೆ ಎರಡು ಸಲ ನಡೆದು ನೋಡಿದಳು, ಅದನ್ನು ಮುಚ್ಚಿಡುವುದೇಕೆ.

ಸೋಮವಾರ ಹತ್ತಕ್ಕೆ ಅವಳು ಚಾಳೀಸು ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟಿತ್ತು, ಉಜ್ವಲಾ, ಅವಳ ಹಿಂದೆ ಮುಂದೆ ಇದ್ದವರು, ಎಲ್ಲರೂ ಅದರಲ್ಲಿ ಮೇಲಿನಿಂದ ನೋಡಿದ ಹಾಗೆ ಕಾಣುತ್ತಿದ್ದರು. ಸುಮಿತ್ರಾಬಾಯಿ ಅಡಿಕೆ ತಟ್ಟೆ ಸಮೇತ ಅದರ ಮುಂದೆ ಬಂದು ಕೂತಳು. “ನಡಿ, ನಾನೂ ನೋಡ್ತೀನಿ ನಿನ್ನ ಊರು,” ಅಂದಳು.

ನಿಲಂಗಾದ ಮದುವೆ ಮಾಡುವ ಮಂಗಲ ಕಾರ್ಯಾಲಯದಲ್ಲಿ ಹನ್ನೆರಡು ಕುರ್ಚಿ ಹಾಕಿ ಹನ್ನೆರಡು ಜನರಿಗೆ ಚಾಳೀಸು ಕಟ್ಟಿದ್ದರು, ಉದಗೀರದಲ್ಲೂ ಹಾಗೇ. ಒಬ್ಬೊಬ್ಬರಾಗಿ ಅವರು ನವಗಾಂವದ ಅಗಸಿಯ ಮುಂದೆ ಮೂಡಿದರು. ಎಲ್ಲರಿಗೂ ಕಂಪನಿ ಕೊಟ್ಟ ಒಂದೇ ವೇಷ: ನೀಲಿ ಅಂಗಿ, ಕಪ್ಪು ಪ್ಯಾಂಟು, ಬಿಳಿ ಬೂಟು. ಹೆಸರು ಮಾತ್ರ ತಲೆಯ ಮೇಲೆ ತೇಲುತ್ತಿತ್ತು.

“ಶರಣ್ರೀ ಎಲ್ಲಾರಿಗಿ,” ಅಂದಳು ಉಜ್ವಲಾ.

“ಶರಣ್ರೀ ಬಾಯಿ,” ಅಂತ ಹತ್ತು ಕಡೆಯಿಂದ ಬಂತು. ಅದರ ಹಿಂದೆಯೇ ಮೀರಾಬಾಯಿ ಅನ್ನುವ ಹೆಸರು ಹೊತ್ತ ನೀಲಿ ಅಂಗಿ ಕೆಳಗೆ ನೋಡಿಕೊಂಡು ಕಿರುಚಿತು. “ಅಯ್ಯ ಶಿವನ! ನನ್ನ ಸೀರಿ ಎಲ್ಲಿ ಹೋಯ್ತು?”

ಬಕ್ಕಪ್ಪ ಅನ್ನುವ ಮುದುಕ ತಲೆ ಮುಟ್ಟಿ ನೋಡಿಕೊಂಡ. “ನನ್ನ ರುಮಾಲಾನೂ ಇಲ್ಲ. ಬರೇ ತಲೀಲೆ ಮಂದ್ಯಾಗ ಹೆಂಗ ಹೋಗ್ಲಿ?”

ಅಷ್ಟರಲ್ಲಿ ಪಕ್ಕದಲ್ಲೇ ಉದಗೀರದ ಹನ್ನೆರಡು ನೀಲಿ ಅಂಗಿಗಳು ಹಳದಿ ಬಾಣದ ಹಿಂದೆ ಹೊರಟೇಬಿಟ್ಟವು. ಶೈಲೇಶನ ದನಿ ಉಜ್ವಲಾಳ ಕಿವಿಯಲ್ಲಿ ಗುಟ್ಟಾಗಿ ಬಂತು. “ಮೇಡಂ, ಟೈಮ್ ಹೊಂಟದ.”

“ಹೋಗ್ಲಿ,” ಅಂದಳು. ಮೈಮೇಲೆ ತನ್ನ ಬಟ್ಟೆ ಇಲ್ಲದ ಮನುಷ್ಯ ಎಲ್ಲಿಗೆ ತಾನೇ ಧೈರ್ಯವಾಗಿ ಹೋದಾನು? ಬಟ್ಟೆ ಅಂಗಡಿಯ ಸೊಸೆಗೆ ಇಷ್ಟೂ ಗೊತ್ತಿರುವುದಿಲ್ಲವೇ?

ಬಟ್ಟೆ ಬದಲಿಸುವ ಪಟ್ಟಿ ಎಡಗೈಯ ಅಂಗೈ ಮೇಲಾದಾಗ ಮಾತ್ರ ತೆರೆಯುತ್ತಿತ್ತು. ಇದನ್ನು ಕಂಪನಿಯ ಪುಸ್ತಕದಲ್ಲಿ ಎರಡು ಪುಟ ಬರೆದಿದ್ದರು. ಉಜ್ವಲಾ ಒಂದೇ ಮಾತಿನಲ್ಲಿ ಹೇಳಿದಳು: “ಲಿಂಗಪೂಜಿಗಿ ಎಡಗೈ ಹೆಂಗ ಹಿಡೀತೀರಿ, ಹಂಗ ಹಿಡೀರಿ.”

ಹನ್ನೆರಡು ಎಡಗೈಗಳು ಒಟ್ಟಿಗೇ ಎದೆಯ ಮಟ್ಟಕ್ಕೆ ಬಂದವು. ಹನ್ನೆರಡು ಅಂಗೈಗಳ ಮೇಲೆ ಪಟ್ಟಿ ತೆರೆಯಿತು. ತಲೆಗೆ ರುಮಾಲು, ಮೈಗೆ ಅಂಗಿ, ಧೋತರ, ಸೀರೆ, ಕಾಲಿಗೆ ಬೇಕಾದ್ದು, ಎಲ್ಲ ಆ ಪಟ್ಟಿಯಲ್ಲಿತ್ತು. ಮೀರಾಬಾಯಿ ಕೆಂಪು ಸೀರೆ ಹುಡುಕಿ ಉಟ್ಟು ಸೆರಗು ಸರಿಮಾಡಿಕೊಂಡಳು. “ಹಾಂ, ಈಗ ನಡೀರಿ ಎಲ್ಲಿಗಿ ಬೇಕಾರ,” ಅಂದಳು. ಎಲ್ಲ ಸೇರಿ ಆರು ನಿಮಿಷ ಹೋಗಿತ್ತು.

ಆಮೇಲಿನ ನಡಿಗೆ ನೀರು ಕುಡಿದಷ್ಟು ಸಲೀಸು. ಎಡಕ್ಕೆ ಬಲಕ್ಕೆ ಅಂತ ಉಜ್ವಲಾ ಹೇಳುವವಳೇ ಅಲ್ಲ. ಚಾಳೀಸು ಕಟ್ಟಿಕೊಂಡವರು ತಿರುಗಿದರೆ ಎಡವೇ ಬಲವಾಗುತ್ತದೆ. “ನೀರಿನ ಟಾಕಿ ಕಾಣ್ತದಲ್ಲ, ಅದರ ಕಡಿ ಬರ್ರಿ. ಈಗ ಹೊತ್ತು ಹುಟ್ಟೂ ಕಡಿ ಮುಖ ಮಾಡ್ರಿ. ಕೆರಿ ನಿಮ್ಮ ಬಾಜೂಕ ಇರ್ಲಿ.” ಅವಳ ಹಿಂದೆ ಹನ್ನೆರಡೂ ಜನ ಮಾತಾಡುತ್ತ ಬಂದರು. ಒಬ್ಬರೂ ಕೆರೆಗೆ ಬೀಳಲಿಲ್ಲ. ಉಜ್ವಲಾಳ ಎದೆ ಅರಳಿತು.

ಕೆರೆ ದಾಟಿದರೆ ಜೋಳದ ಹೊಲ, ಹೊಲದ ಆಚೆ ಸಭಾಗೃಹ. ಊರು ಹಸಿರಾಗಿ ಕಾಣಲಿ ಅಂತ ಕಂಪನಿಯವರು ಹಾಕಿದ ಹೊಲ ಅದು, ಮೊಣಕಾಲೆತ್ತರದ ಜೋಳ ಗಾಳಿಗೆ ತೂಗುತ್ತಿತ್ತು. ಅದರ ಅಂಚಿನಲ್ಲಿ ಉದಗೀರದ ಹನ್ನೆರಡು ನೀಲಿ ಅಂಗಿಗಳು ಸಾಲಾಗಿ ನಿಂತಿದ್ದವು. ಹಳದಿ ಬಾಣ ಜೋಳದ ನಡುವೆ ಮಿಣಿಮಿಣಿ ಮಿಂಚುತ್ತ ‘ಬಾ, ಬಾ’ ಅನ್ನುತ್ತಿತ್ತು. ಒಬ್ಬರೂ ಅಲುಗಾಡಲಿಲ್ಲ.

“ನೆಟ್‌ವರ್ಕ್ ನಿಂತದ, ಕಾಣ್ತದ,” ಅಂದ ಶೈಲೇಶ ಕಿವಿಯಲ್ಲಿ.

ಉಜ್ವಲಾ ಹತ್ತಿರ ಹೋಗಿ ಕೇಳಿದಳು. “ಯಾಕ ನಿಂತ್ರಿ?”

ಮಲಕಮ್ಮ ಅನ್ನುವ ಹೆಸರಿನ ನೀಲಿ ಅಂಗಿ ತಿರುಗಿತು. “ಈ ಬಾಣಕ್ಕ ತಲಿ ಕೆಟ್ಟದ ಬಾಯಿ. ನಿಂತ ಜ್ವಾಳದಾಗ ಹಾಯ್ದು ಹೋಗು ಅಂತದ.”

ಉಜ್ವಲಾ ಜೋರಾಗಿ ನಕ್ಕಳು. “ಅಯ್ಯ, ಇಷ್ಟೇ ಏನು! ಅದು ಖರೇ ಜ್ವಾಳ ಅಲ್ರೀ ಮಾವಶಿ. ಬರೇ ಚಿತ್ರ. ತುಳಿದ್ರ ಒಂದು ಎಲಿನೂ ಬಾಗಂಗಿಲ್ಲ. ಇಲ್ಲಿ ನೋಡ್ರಿ, ನಾ ಹೋಗ್ತೀನಿ, ನನ್ನ ಹಿಂದ ಬರ್ರಿ.”

ಅಂದವಳೇ ಹೊಲಕ್ಕೆ ನುಗ್ಗಿದಳು. ಎರಡು ವರ್ಷದಿಂದ ದಿನಕ್ಕೆ ಐದಾರು ಸಲ ಹಾಯ್ದ ಹೊಲ, ಅವಳಿಗೇನು? ಗಟ್ಟಿಯಾಗಿ ಮಾತಾಡುತ್ತ, ಮಳಿಗೆಗಳ ಹೆಸರು ಹೇಳುತ್ತ ನಡು ಹೊಲದವರೆಗೆ ಬಂದಳು. ಆಗ ಚಾಳೀಸಿನ ಹೊರಗಿನಿಂದ, ಉಮರ್ಗಾದ ಮನೆಯೊಳಗಿಂದ, ಅತ್ತೆಯ ದನಿ ಬಂತು.

“ನಿನ್ನ ಹಿಂದ ಯಾರೂ ಇಲ್ಲ ನೋಡ, ಉಜ್ವಲಾ.”

ತಿರುಗಿದಳು. ಇಪ್ಪತ್ತನಾಲ್ಕು ಜನ ಅಂಚಿನಲ್ಲಿ ನಿಂತಿದ್ದರು. ಅವಳ ಹನ್ನೆರಡು ಜನವೂ.

“ಬಕ್ಕಪ್ಪ ಕಾಕಾ, ಬರ್ರಲಾ! ಚಿತ್ರ ಅಂತ ಹೇಳಿದ್ನಲ್ಲ!”

“ಚಿತ್ರ ಅಂತ ನಮಗೂ ಗೊತ್ತದ ಯವ್ವಾ,” ಅಂದ ಬಕ್ಕಪ್ಪ. ಸಿಟ್ಟಿರಲಿಲ್ಲ ದನಿಯಲ್ಲಿ. “ನಾವೇನು ಹುಚ್ಚರಲ್ಲ. ಜ್ವಾಳ ಸುಳ್ಳು ಇರ್ಲಿ. ಕಾಲು ನಂದೇ ಅದನಲ್ಲ. ಎಪ್ಪತ್ತು ವರ್ಷ ನಿಂತ ಬೆಳ್ಯಾಗ ಇಟ್ಟಿಲ್ಲ ಇದನ್ನ. ಈಗ ಇಡು ಅಂದ್ರ ಅದು ಏಳಂಗಿಲ್ಲ.”

ನಡು ಹೊಲದಲ್ಲಿ ನಿಂತ ಉಜ್ವಲಾಳ ಮುಖ ಚಾಳೀಸಿನೊಳಗೆ ಬಿಸಿಯಾಯಿತು. ಅವಳು ಎಂಟು ವರ್ಷದವಳಿದ್ದಾಗ ಕರುವಿನ ಹಿಂದೆ ಓಡಿ ಪಕ್ಕದವರ ಜೋಳಕ್ಕೆ ಇಳಿದಿದ್ದಳು. ಎಂದೂ ಕೈಯೆತ್ತದ ಅಪ್ಪ ಅವತ್ತು ಬೆನ್ನಿಗೊಂದು ಬಿಟ್ಟಿದ್ದ. ಆಮೇಲೆ ಇವಳ ಕೈ ಹಿಡಿದು ಆ ಹೊಲದವರ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿಸಿದ್ದ. ಅದೆಲ್ಲ ಎಲ್ಲಿಗೆ ಹೋಗಿತ್ತು ಇಷ್ಟು ದಿನ? ಎರಡು ವರ್ಷದಲ್ಲಿ ಸಾವಿರಾರು ಸಲ ತುಳಿದಿದ್ದಾಳೆ, ಒಂದು ಸಲವೂ ಕಾಲು ತಡೆಯಲಿಲ್ಲ. ಅವಳಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಹೋದ ಹಾದಿಯಲ್ಲೇ, ಸಾಲುಗಳ ನಡುವೆ ಕಾಲಿಡುತ್ತ ವಾಪಸು ಬಂದಳು.

“ತಪ್ಪಾಯ್ತ್ರಿ ಕಾಕಾ,” ಅಂದಳು. “ಬದುವಿನ ಮ್ಯಾಲ ಹೋಗೂಣು ಬರ್ರಿ.”

ನವಗಾಂವದಲ್ಲಿ ಬದು ಅಂತ ಯಾರೂ ಮಾಡಿರಲಿಲ್ಲ. ಆದರೆ ಉಜ್ವಲಾಗೆ ಗೊತ್ತಿತ್ತು, ಹೊಲದ ಪಡುವಣ ಅಂಚಿನಲ್ಲಿ ಹಸಿರು ಮುಗಿದು ಗೋಡೆ ಶುರುವಾಗುವ ನಡುವೆ ಎರಡು ಗೇಣು ಕಂದು ಬಣ್ಣ ಉಳಿದುಹೋಗಿತ್ತು, ಮಾಡಿದವರು ಮರೆತು ಬಿಟ್ಟ ಜಾಗ. ಒಬ್ಬರ ಹಿಂದೊಬ್ಬರು ಹೋಗಬಹುದಿತ್ತು. ಸುತ್ತು ಹಾದಿ, ಐದು ನಿಮಿಷ ಬೇಕು. ಉಳಿದದ್ದು ಎಂಟು.

“ಉದಗೀರದವ್ರೂ ಬರ್ರಿ ನಮ್ಮ ಹಿಂದ,” ಅಂತ ಕೂಗಿದಳು.

ಶೈಲೇಶ ಕಿವಿಯಲ್ಲಿ ಗಡಬಡಿಸಿದ. “ಮೇಡಂ, ಅವ್ರು ನಿಮ್ಮವ್ರಲ್ಲ. ಬಿಡ್ರಿ ಅವ್ರನ್ನ. ಬಾಣ ಇಲ್ಲೇ ಸೋಲ್ತದ, ನೀವ್ ಗೆದ್ದಂಗೇ.”

ಖರೆ ಹೇಳಬೇಕೆಂದರೆ ಒಂದು ಗಳಿಗೆ ಅವಳ ಮನಸ್ಸೂ ಹಾಗೇ ಅಂದಿತು. ಬಿಟ್ಟು ಹೋದರೆ ಹನ್ನೆರಡಕ್ಕೆ ಸೊನ್ನೆ. ಕೆಲಸ ಉಳಿಯುತ್ತದೆ. ಮಲಕಮ್ಮನ ನೀಲಿ ಅಂಗಿ ಮಾತ್ರ ಅವಳ ಕಡೆಯೇ ನೋಡುತ್ತಿತ್ತು.

“ಹಾದಿ ಕಾಣದವ್ರನ್ನ ಹಾದಿಮ್ಯಾಲ ಬಿಟ್ಟು ಹೋದ್ರ ನಾ ಮಾಡೂ ಕೆಲಸಾದ್ರ ಏನ್ರಿ ಶೈಲೇಶ ಸರ್?” ಅಂದಳು. ಮಲಕಮ್ಮನನ್ನು ಮುಂದೆ ಕರೆದಳು.

ಇಪ್ಪತ್ತನಾಲ್ಕು ಜನ ಒಂದೇ ಸಾಲಿನಲ್ಲಿ ಕಂದು ಪಟ್ಟಿಯ ಮೇಲೆ ಹೊರಟರು. ಈಗ ಯಾರಿಗೂ ಹೇಳಿಕೊಡಬೇಕಾಗಲಿಲ್ಲ; ಬದುವಿನ ಮೇಲೆ ನಡೆಯುವುದು ಅವರ ಕಾಲಿಗೇ ಗೊತ್ತಿತ್ತು. ಹಿಂದಿನಿಂದ ಒಬ್ಬ, “ತೆನಿ ಇನ್ನೂ ಬಿಟ್ಟಿಲ್ಲ,” ಅಂದ. ಇನ್ನೊಬ್ಬ, “ಸಾಲು ಭಾಳ ದಟ್ಟ ಹಾಕ್ಯಾರ, ಬಿತ್ತಿದಾವ ಯಾಂವ?” ಅಂತ ಬೈದ. ಬಾಣ ಒಂದೇ ನಡು ಹೊಲದಲ್ಲಿ ಮಿಂಚುತ್ತ ಉಳಿಯಿತು.

ಮೂರು ನಿಮಿಷ ಇರುವಾಗ ಸಭಾಗೃಹದ ಮೆಟ್ಟಿಲು ಮುಟ್ಟಿದರು. ಇನ್ನೇನು, ಹತ್ತು ಹೆಜ್ಜೆ! ಉಜ್ವಲಾ ಬಾಗಿಲು ದಾಟಿ ಒಳಗೆ ಹೋಗಿ ತಿರುಗಿದರೆ ಇಪ್ಪತ್ತನಾಲ್ಕು ಜನ ಮೆಟ್ಟಿಲ ಕೆಳಗೆ ಮತ್ತೆ ನಿಂತಿದ್ದಾರೆ.

ಈ ಸಲ ಅವಳು ನಗಲಿಲ್ಲ. ಚಿತ್ರ ಅಂತ ಹೇಳಲಿಲ್ಲ. ಹೊರಗೆ ಬಂದು ಕೇಳಿದಳು. “ಯಾಕ ನಿಂತ್ರಿ ಕಾಕಾ?”

“ಬಾಗಲ್ದಾಗ ಬಸವಣ್ಣ ಇದ್ದಾನಲ್ಲ ಯವ್ವಾ,” ಅಂದ ಬಕ್ಕಪ್ಪ. “ಕಾಲಾಗ ಬೂಟ್ ಅವ.”

ಹೌದು, ಬಾಗಿಲ ಪಕ್ಕ ಕಲ್ಲಿನ ಬಸವಣ್ಣ ಕೂತಿದ್ದ. ಚಂದ ಕಾಣಲಿ ಅಂತ ಯಾರೋ ತಂದು ಇಟ್ಟದ್ದು, ದೇವಣಿ ಹೋರಿಯ ಹಾಗೆ ಗಂಗೆದೊಗಲು ಇಳಿಬಿಟ್ಟುಕೊಂಡು ಕೂತಿದ್ದ. ಉಜ್ವಲಾ ತನ್ನ ಕಾಲು ನೋಡಿಕೊಂಡಳು. ಬಿಳಿ ಬೂಟು. ಎರಡು ವರ್ಷದಿಂದ.

“ಎಡಗೈ ಹಿಡೀರಿ,” ಅಂದಳು. “ಪಟ್ಟ್ಯಾಗ ಕಾಲಿಂದು ಅದ. ಬರಿಗಾಲು ಅಂತ ಒತ್ರಿ.” ಮೊದಲು ತಾನೇ ತೆಗೆದಳು.

ಅವಳ ಹನ್ನೆರಡು ಜನ ಕಣ್ಣು ಮಿಟುಕಿಸುವುದರೊಳಗೆ ಬರಿಗಾಲಾದರು. ಉದಗೀರದವರಿಗೆ ಏನೂ ತಿಳಿಯಲಿಲ್ಲ. ಅವರಿಗೆ ಬಾಣ ಯಾವತ್ತು ಅಂಗೈ ತೋರಿಸಿತ್ತು? “ಕಾಕಾ, ನೀವು ಒಳಗ ನಡೀರಿ, ಟೈಮ್ ಇಲ್ಲ,” ಅಂದಳು ಉಜ್ವಲಾ. ಬಕ್ಕಪ್ಪ ಕೇಳಿಸಿಕೊಳ್ಳಲೇ ಇಲ್ಲ. ಅವನು ಆಗಲೇ ಒಬ್ಬ ನೀಲಿ ಅಂಗಿಯವನ ಮುಂದೆ ನಿಂತು, “ಪೂಜಿಗಿ ಹಿಡಿದಂಗ ಹಿಡಿಯೋ ತಮ್ಮಾ,” ಅನ್ನುತ್ತಿದ್ದ. ಮೀರಾಬಾಯಿ ಮಲಕಮ್ಮನಿಗೆ ಬೂಟು ಬಿಡಿಸುವುದಷ್ಟೇ ಅಲ್ಲ, ಹಸಿರು ಸೀರೆಯನ್ನೂ ಉಡಿಸುತ್ತಿದ್ದಳು. ನಿಲಂಗಾದ ಹನ್ನೆರಡು ಜನ ಉದಗೀರದ ಹನ್ನೆರಡು ಜನಕ್ಕೆ ಕಲಿಸಿದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಇಪ್ಪತ್ತು ನಿಮಿಷ ಮುಗಿದಿತ್ತು. ಸಭಾಗೃಹದೊಳಗೆ ಒಬ್ಬರೂ ಇರಲಿಲ್ಲ.

ಗಂಟೆಯ ಗೊಡವೆ ಯಾರಿಗೂ ಇರಲಿಲ್ಲ. ಇಪ್ಪತ್ತನಾಲ್ಕು ಜನ ಬಸವಣ್ಣನಿಗೆ ಕೈಮುಗಿದು ಒಳಗೆ ಹೋಗಿ ಹೋರಿಗಳ ಮುಂದೆ ಸುತ್ತುಗಟ್ಟಿದರು. ಬಾಗಿಲಲ್ಲಿ ಬಕ್ಕಪ್ಪ ಒಮ್ಮೆ ತಿರುಗಿ, “ಬೂಟ್ ಹೊಳ್ಳಿ ಬರೋಮುಂದ ಸಿಗ್ತಾವಿಲ್ಲೋ?” ಅಂತ ಕೇಳಿದ.

ಶೈಲೇಶ ಮುಟ್ಟಿದವರ ಲೆಕ್ಕ ಹಾಕಿದ. ಆಮೇಲೆ, “ಮೇಡಂ, ಟೈಮಿನಾಗ ಬಾಣದವ್ರೂ ಸೊನ್ನಿ, ನಿಮ್ಮವ್ರೂ ಸೊನ್ನಿ. ನಾ ಏನಂತ ಬರೀಲಿ?” ಅಂದ.

“ಆದದ್ದು ಬರೀರಿ. ಇಪ್ಪತ್ನಾಕು ಮಂದಿ ಹೊಂಟ್ರು, ಇಪ್ಪತ್ನಾಕು ಮಂದಿ ಮುಟ್ಟಿದ್ರು. ಬಾಣದ ಹಿಂದ ಕಡೀತನಕ ಎಷ್ಟ ಮಂದಿ ಹೋದ್ರು, ಅದನ್ನೂ ಬರೀರಿ.”

“ಹೊಲದ ಮಾತು ತಿಳೀತು ಬಿಡ್ರಿ,” ಅಂದ ಶೈಲೇಶ. ದನಿಯಲ್ಲಿ ಹುರುಪು ಬಂದಿತ್ತು. “ಬದು ಮಾಡಸ್ತೀವಿ. ಬಾಣಾನ ಅದರ ಮ್ಯಾಲ ತಿರುಗಸ್ತೀವಿ. ಬೂಟೂ ಬಾಗಲ್ದಾಗ ತಾನೇ ಹೋಗಂಗ ಮಾಡ್ತೀವಿ. ಆತಲ್ಲ?”

ತಾನು ತೋರಿಸಿದ ಹಾದಿಯಲ್ಲೇ ಬಾಣ ತನ್ನನ್ನು ದಾಟಿ ಹೊರಟಿತಲ್ಲ ಅಂದುಕೊಂಡಳು ಉಜ್ವಲಾ. ಆದರೆ ಮರುಗಳಿಗೆಯೇ ಅವಳಿಗೆ ಜೋಳದ ಅಂಚಿನಲ್ಲಿ ಸಾಲಾಗಿ ನಿಂತವರು ನೆನಪಾದರು. ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ತಿರುಗಸ್ರಿ, ಅಗದಿ ಚಲೋ. ನಾಳಿ ಇನ್ನೊಂದ ಕಡಿ ನಿಲ್ತಾರ, ಶೈಲೇಶ ಸರ್. ಅದು ಎಲ್ಲಿ ಅಂತ ನಿಮಗ ಗೊತ್ತಿಲ್ಲ. ಖರೆ ಹೇಳ್ಬೇಕಂದ್ರ ನನಗೂ ಗೊತ್ತಿಲ್ಲ. ಆದ್ರ ನಾ ಕೇಳ್ತೀನಿ. ನಿಮ್ಮ ಬಾಣ ಕೇಳ್ತದೇನು, ಯಾಕ ನಿಂತ್ರಿ ಅಂತ?”

ಉಜ್ವಲಾ ಚಾಳೀಸು ಬಿಚ್ಚಿದಳು. ಸುಮಿತ್ರಾಬಾಯಿ ಲ್ಯಾಪ್‌ಟಾಪ್ ನೋಡುತ್ತಲೇ ಇದ್ದಳು. ತಟ್ಟೆಯಲ್ಲಿ ಒಂದು ಅಡಿಕೆಯೂ ಕತ್ತರಿಸಿರಲಿಲ್ಲ.

ಮೂರನೆಯ ದಿನ ಕಾಗದ ಬಂತು, ಜೊತೆಗೆ ಇನ್ನೊಂದು ಚಾಳೀಸೂ. ಬಾಣವೂ ಇರುತ್ತದೆ, ಉಜ್ವಲಾನೂ ಇರುತ್ತಾಳೆ. ಇನ್ನು ಮುಂದೆ ಕಂಪನಿ ಯಾವ ಊರು ಕಟ್ಟಿದರೂ ಬಾಗಿಲು ತೆರೆಯುವ ಮೊದಲು ಅವಳು ಈ ಕಡೆಯ ಮಂದಿಯನ್ನು ಕರೆದುಕೊಂಡು ಒಂದು ಸುತ್ತು ಹಾಕಿ, ಎಲ್ಲಿ ನಿಂತರು, ಯಾಕೆ ನಿಂತರು ಹೇಳಬೇಕು. ಬಾಣ ಅವಳು ಹೇಳಿದ ಮೇಲೆ ಹೊರಡುತ್ತದೆ. ಕಾಗದವನ್ನು ಅವಳು ಅತ್ತೆಗೆ ಎರಡು ಸಲ ಓದಿ ಹೇಳಿದಳು. ಮೂರನೆಯ ಸಲ ಅತ್ತೆಯೇ ಓದಿಸಿದಳು.

“ಹಂಗಾರ ನನಗೂ ಕಟ್ಟು ಆ ಚಾಳೀಸ,” ಅಂದಳು ಸುಮಿತ್ರಾಬಾಯಿ. “ನನ್ನ ಸೀರಿ ಮಾತ್ರ ಅಂಜೂರಿ ಬಣ್ಣದ್ದು ಇರ್ಲಿ.”

ಉಜ್ವಲಾ ಅಂಜೂರಿ ಬಣ್ಣದ ಸೀರೆ ಉಡಿಸಿದಳು. ಅಗಸಿ ದಾಟಿಸಿದಳು, ಟಾಕಿ ತೋರಿಸಿದಳು, ಕೆರೆಯ ಬಾಜೂಕ ನಡೆಸಿದಳು. ಹೊಲಕ್ಕೆ ಹೊಸ ಬದು ಬಂದಿತ್ತು, ಹಳದಿ ಬಾಣ ಶಿಸ್ತಾಗಿ ಬದುವಿನ ಮೇಲೆ ಹೋಗುತ್ತಿತ್ತು. ಸುಮಿತ್ರಾಬಾಯಿ ನಾಲ್ಕು ಹೆಜ್ಜೆ ಅದರ ಹಿಂದೆ ಹೋದಳು. ಆಮೇಲೆ ನಿಂತುಬಿಟ್ಟಳು.

ಬಾಣ ಮಿಂಚಿತು, ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮಿಂಚಿತು. ಮುದುಕಿ ಅಲುಗಲಿಲ್ಲ. ಬದು ಇದೆ, ಬರಿಗಾಲೇ ಇದೆ, ಸೀರೆ ಬೇಡಿದ ಬಣ್ಣದ್ದೇ ಇದೆ. ಇನ್ನೇನು ಉಳಿಯಿತು? ಉಜ್ವಲಾಗೆ ಹೊಳೆಯಲಿಲ್ಲ.

“ಯಾಕ ನಿಂತ್ರಿ ಅತ್ತಿ? ಹಾದಿ ಕಾಣ್ಲಿಲ್ಲೇನು?”

“ಹಾದಿ ಕಾಣ್ತದ ಬಿಡ,” ಅಂದಳು ಸುಮಿತ್ರಾಬಾಯಿ. “ಜ್ವಾಳ ನೋಡ್ಲಕತ್ತೀನಿ. ನಲವತ್ತು ವರ್ಷ ಅಂಗಡಿ ಮ್ಯಾಲಿನ ಮನ್ಯಾಗ ಇದ್ದೀನಿ ಉಜ್ವಲಾ. ಹೊಲದಾಗ ಹಿಂಗ ಸುಮ್ನ ನಿಂದ್ರಲಿಕ್ಕ ಯಾರೂ ಕರದಿಲ್ಲ ನನಗ.”

ಉಜ್ವಲಾ ‘ಮುಂದ ನಡೀರಿ’ ಅಂತ ಹೇಳಲಿಲ್ಲ. ಬಾಣವನ್ನು ನಂದಿಸಿ, ಬದುವಿನ ಮೇಲೆ ಅತ್ತೆಯ ಪಕ್ಕ ತಾನೂ ನಿಂತಳು.